ಲಂಡನ್ನಿನ ಆಫೀಸು, ಸಂತೇಬೆನ್ನೂರಿನ ಮನೆ

ಸಂತೇಬೆನ್ನೂರು ಅಂದ್ರೆ ಪುಷ್ಕರಣಿ, ಅಡಿಕೆ ತೋಟ. ಇಲ್ಲೇ ಮನೇಲಿ ಕೂತು ಲಂಡನ್ನಿನ ಸಣ್ಣ ವ್ಯಾಪಾರಿಯೊಬ್ಬರ ಇಮೇಲ್, ಬಿಲ್ಲು, ಅಪಾಯಿಂಟ್‌ಮೆಂಟ್ ನೋಡ್ಕೋಬಹುದು. ಇದೇ ವರ್ಚುವಲ್ ಅಸಿಸ್ಟೆಂಟ್ ಕೆಲಸ. ಅಡಿಕೆ ಮಂಡಿ ಗುಮಾಸ್ತರು ಮಾಡೋದೂ ಇದನ್ನೇ. ಈ ಕೆಲಸದಲ್ಲಿ ಸಾಹುಕಾರರು ಮಾತ್ರ ಕಣ್ಣಿಗೆ ಕಾಣಲ್ಲ.

ಲಂಡನ್ನಿನಲ್ಲಿ ಬೆಳಿಗ್ಗೆ 9 ಆದಾಗ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಮನೆಗೆಲಸ ಮುಗಿಸಿ ಕೂರಬಹುದು. ಅಮೆರಿಕದವರಾದ್ರೆ ರಾತ್ರಿ ನಿದ್ದೆ ಬಿಡಬೇಕು. ನಾನಂತೂ ಬೇಡ ಅಂತೀನಿ.

ಆದ್ರೆ ತಿಂಗಳ ಸಂಬಳ ಇಲ್ಲ, ಪಿಎಫ್ ಇಲ್ಲ, ರಜೆ ಹಾಕಿದ್ರೆ ಕಾಸಿಲ್ಲ. ಅದಕ್ಕೇ ಗಂಟೆಗೆ ಇಷ್ಟು ಅಂತ ರೇಟು ಹೇಳುವಾಗ ಇಂಟರ್ನೆಟ್, ಕರೆಂಟು ಹೋದಾಗಿನ ಇನ್ವರ್ಟರ್, ಕೆಲಸವೇ ಸಿಗದ ವಾರಗಳು, ಎಲ್ಲ ಸೇರಿಸಿ. ಎಷ್ಟು ಗಂಟೆ, ಏನೇನು ಕೆಲಸ, ದುಡ್ಡು ಯಾವ ತಾರೀಕಿಗೆ ಅನ್ನೋದು ಇಮೇಲ್‌ನಲ್ಲೇ ಇರಲಿ. ಬಾಯಿಮಾತು ಬೇಡ.

ವರ್ಷದ ವಹಿವಾಟು 20 ಲಕ್ಷ ದಾಟೋವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದಾಯ ತೆರಿಗೆ ಲೆಕ್ಕ ಬೇರೆ. ಸಣ್ಣ ಉದ್ದಿಮೆ ಅಂತ ದಾಖಲಾಗೋಕೆ ಇರುವ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ. ಅದಕ್ಕೆ ಯಾರಾದ್ರೂ ಫೀಸು ಕೇಳಿದ್ರೆ ಕೊಡಬೇಡಿ.

ಕೆಲಸ ಕೊಡೋಕೆ ನಿಮ್ಮಿಂದಲೇ ಡಿಪಾಸಿಟ್ ಕೇಳಿದ್ರೆ ಅದು ಮೋಸ. ಈಗಾಗಲೇ ಹಣ ಹೋಗಿದ್ರೆ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.