ಉಜ್ಜಿದರೆ ಉಳುಕು ಹೋಗುತ್ತದೆಯೇ?

ಕಾಲು ಉಳುಕಿತು ಅಂದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಎಣ್ಣೆ ಬಿಸಿಗಿಡುತ್ತಾರೆ. ‘ನರದ ಮೇಲೆ ನರ ಹತ್ತಿದೆ, ಈಗಲೇ ಉಜ್ಜಿ ಬಿಡಿಸಬೇಕು’ ಎಂಬುದು ನಂಬಿಕೆ. ಅಲ್ಲಿ ಹತ್ತಿದ್ದೂ ಇಲ್ಲ, ಬಿಡಿಸುವುದೂ ಇಲ್ಲ. ಪಾದ ಒಳಕ್ಕೆ ಹೊರಳಿದಾಗ ಹರಡಿನ ಹೊರಮಗ್ಗುಲಲ್ಲಿ ಮೂಳೆಗೂ ಮೂಳೆಗೂ ಕಟ್ಟಿದಂತಿರುವ ಲಿಗಮೆಂಟ್ ಜಗ್ಗಿರುತ್ತದೆ, ಇಲ್ಲವೇ ಅಷ್ಟಿಷ್ಟು ಹರಿದಿರುತ್ತದೆ. ಜೊತೆಗೆ ಸಣ್ಣ ರಕ್ತನಾಳಗಳು ಒಡೆಯುವುದರಿಂದ ಬಾವು ಬಂದು ಚರ್ಮ ನೀಲಿಗಟ್ಟುತ್ತದೆ. ಆಗ ಬಲವಾಗಿ ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚೀತು. ಕಬಡ್ಡಿ ಆಟದಲ್ಲಿ ತೊಡೆಗೆ ಎದುರಾಳಿಯ ಮೊಣಕಾಲು ಬಡಿದು ರಕ್ತ ಕಟ್ಟಿಕೊಂಡಿರುತ್ತದಲ್ಲ, ಅದನ್ನು ಉಜ್ಜುವುದಂತೂ ಇನ್ನೂ ಕೆಟ್ಟದ್ದು. ಸ್ನಾಯುವಿನೊಳಗೇ ಮೂಳೆ ಬೆಳೆದುಬಿಡುವ ಅಪಾಯವಿದೆ. ಮೊದಲ ಎರಡು ಮೂರು ದಿನ ಕ್ರೇಪ್ ಬ್ಯಾಂಡೇಜ್ ಸುತ್ತಿ, ದಿಂಬಿನ ಮೇಲೆ ಕಾಲಿಟ್ಟು, ಎಣ್ಣೆಯನ್ನು ಅಡುಗೆಮನೆಯಲ್ಲೇ ಬಿಡುವುದು ವಾಸಿ.

‘ಕಾಲು ಆಡಿಸಲು ಬರುತ್ತಿದೆಯಲ್ಲ, ಹಾಗಾದರೆ ಮೂಳೆಗೇನೂ ಆಗಿಲ್ಲ’ ಎನ್ನುವವರೂ ಇದ್ದಾರೆ. ಮುರಿದ ಹರಡನ್ನೂ ಎಷ್ಟೋ ಸಲ ಆಡಿಸಬಹುದು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮಗಳನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಪೆಟ್ಟಾದಾಗಲೂ ಆಸ್ಪತ್ರೆಗೆ ಬಂದ ಮೇಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಉಬ್ಬು ಮೂಳೆಯ ತುದಿಯನ್ನೋ ಹಿಂಬದಿಯ ಅಂಚನ್ನೋ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಅಷ್ಟಾಗುವವರೆಗೆ ಯಾರೂ ಕಾಲು ತಿರುಚಿ ‘ಲಟಕ್’ ಅನ್ನಿಸಕೂಡದು.

ಬಾವು ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ಬಳಿ ಮಸಾಜಿಗೆ ಹೋದರೆ ಮತ್ತೊಂದು ನಂಬಿಕೆ ಎದುರಾಗುತ್ತದೆ: ನೋವಾದಷ್ಟೂ ಒಳ್ಳೆಯದು, ಒಳಗಿನ ಗಂಟು ಒಡೆಯಬೇಕು. ಕೆಲವು ಚಿಕಿತ್ಸಕರೇ ಹೀಗೆ ಹೇಳುವುದುಂಟು, ಅದು ಬೇಸರದ ಸಂಗತಿ. ತೊಡೆಯ ಹೊರಬದಿ ಮತ್ತು ಅಂಗಾಲಿನ ದಪ್ಪ ಪೊರೆಗಳನ್ನು ಶೇಕಡಾ 1ರಷ್ಟು ಅಮುಕಲು ಎಷ್ಟು ಬಲ ಬೇಕೆಂದು 2008ರಲ್ಲಿ ಸಂಶೋಧಕರು ಲೆಕ್ಕ ಹಾಕಿದ್ದರು. ಅದು ಮನುಷ್ಯನ ಕೈಗೆ ಎಟುಕದ ಬಲ. ಹೀಗಿರುವಾಗ ಹೆಬ್ಬೆರಳು ಒಡೆಯುವುದಾದರೂ ಏನನ್ನು? ಆದರೂ ಹಾಯೆನಿಸುವುದು ಸುಳ್ಳಲ್ಲ. ಚರ್ಮ, ಸ್ನಾಯುಗಳಿಂದ ಹೊರಟ ಸ್ಪರ್ಶದ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಡೆಯುತ್ತದೆ ಎಂದು ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಪ್ರತಿಪಾದಿಸಿದ್ದರು. ವಿವರಗಳು ಆಮೇಲೆ ಬದಲಾದವು, ಮೂಲ ವಿಚಾರ ಉಳಿಯಿತು. ಕೈ ಕೆಲಸ ಮಾಡುವುದು ಬಹುಮಟ್ಟಿಗೆ ನರಮಂಡಲದ ಮೇಲೆ. ಹಲ್ಲು ಕಚ್ಚಿ ಸಹಿಸುವಷ್ಟು ಒತ್ತಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಒತ್ತುವಾಗಲೇ ‘ಹತ್ತಕ್ಕೆ ಎಷ್ಟು ನೋವು?’ ಎಂದು ಕೇಳಿ, ಮುಖ ನೋಡಿ ಒತ್ತಡ ತಗ್ಗಿಸುವವರು ಕಸುಬು ಬಲ್ಲವರು. ಮಾರನೆಯ ದಿನ ಆ ಜಾಗ ಸ್ವಲ್ಪ ನೋಯಬಹುದು, ಕಪ್ಪಗೆ ಕಂದಬಾರದು.

ಮಸಾಜ್ ಸ್ನಾಯುವಿನಿಂದ ಲ್ಯಾಕ್ಟಿಕ್ ಆಮ್ಲವನ್ನು ಹೊರದಬ್ಬುತ್ತದೆ ಎಂಬ ಮಾತನ್ನೂ ಮರೆತುಬಿಡಿ. ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ದೇಹವೇ ಅದನ್ನು ಖಾಲಿ ಮಾಡಿರುತ್ತದೆ.

‘ಹತ್ತು ಸಿಟ್ಟಿಂಗ್ ಆದರೆ ಸರಿಹೋಗುತ್ತದೆ’ ಎಂಬ ನಂಬಿಕೆಯೇ ಎಲ್ಲಕ್ಕಿಂತ ದುಬಾರಿ. ಮಸಾಜಿನ ಆರಾಮ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ ಇರುತ್ತದೆ. ಲಿಗಮೆಂಟ್ ಬಲಗೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೆ ಹದವಾಗಿ ಭಾರ ಬೀಳುತ್ತಿರಬೇಕು. ನೋವು ತಗ್ಗಿದ ಆ ಹೊತ್ತಿನಲ್ಲೇ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತಿ ಇಳಿಸುವುದು, ಆಮೇಲೆ ಗೋಡೆ ಬಿಟ್ಟು ನಿಲ್ಲುವುದು, ಹೀಗೆ ಮುಂದುವರಿಯಬೇಕು. ಮತ್ತೆ ಮತ್ತೆ ಉಳುಕದಂತೆ ಕಾಯುವುದು ಈ ಸಮತೋಲನದ ಅಭ್ಯಾಸವೇ. ದುಡ್ಡು ಕೊಟ್ಟಿದ್ದು ಕೈ ಆಡಿಸಲಿಕ್ಕೆ, ವ್ಯಾಯಾಮ ಹೇಳಿಸಿಕೊಳ್ಳಲಿಕ್ಕಲ್ಲ ಎಂದು ಗೊಣಗುವವರನ್ನು ಕಂಡಿದ್ದೇನೆ. ನನ್ನನ್ನು ಕೇಳಿದರೆ, ಮೂರು ಸಲ ಹೋದರೂ ಮನೆಯಲ್ಲಿ ಏನು ಮಾಡಬೇಕೆಂದು ಹೇಳಿಕೊಡದ ಕ್ಲಿನಿಕ್ಕನ್ನು ಬದಲಿಸಿ.

ಮಸಾಜಿನಿಂದ ಗುಣವಿಲ್ಲದಿದ್ದರೂ ತೊಂದರೆಯಂತೂ ಇಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಪ್ಲಾಸ್ಟರ್ ಹಾಕಿಸಿಕೊಂಡೋ ಹಾಸಿಗೆ ಹಿಡಿದೋ ಇದ್ದವರಿಗೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯತೊಡಗಿದರೆ ಅದು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದಿರಬಹುದು. ಉಜ್ಜಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಅಂಥವರು ಅದೇ ದಿನ ವೈದ್ಯರನ್ನು ಕಂಡು ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಬೇಕು.