ಮೂಗಿನ ಸಾಕ್ಷಿಗೆ ಎಷ್ಟು ಗಂಟೆ ಆಯಸ್ಸು?

2021ರ ನವೆಂಬರ್ 20ರಂದು ದಕ್ಷಿಣ ಆಫ್ರಿಕಾದಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದಿಳಿದ 66 ವರ್ಷದ ಪ್ರಯಾಣಿಕರೊಬ್ಬರ ಕೈಯಲ್ಲಿ ಕೋವಿಡ್ ನೆಗೆಟಿವ್ ವರದಿ ಇತ್ತು. ಲಸಿಕೆಯ ಎರಡೂ ಡೋಸ್ ಆಗಿತ್ತು. ಇಲ್ಲಿ ಮತ್ತೊಮ್ಮೆ ಸ್ವಾಬ್ ತೆಗೆದು ನೋಡಿದರೆ ಪಾಸಿಟಿವ್. ಅವರನ್ನು ಹೋಟೆಲಿನಲ್ಲಿ ಪ್ರತ್ಯೇಕವಾಗಿರಿಸಿದರು, ಮಾದರಿಯನ್ನು ಜೀನೋಮ್ ಪರೀಕ್ಷೆಗೆ ಕಳಿಸಿದರು. ಮೂರು ದಿನ ಕಳೆದು ಖಾಸಗಿ ಲ್ಯಾಬೊಂದರಿಂದ ನೆಗೆಟಿವ್ ವರದಿ ಬಂತು, 27ರಂದು ಅವರು ದುಬೈಗೆ ಹೊರಟುಹೋದರು. ಆ ಕೊನೆಯ ವರದಿ ಆಮೇಲೆ ಅನುಮಾನಕ್ಕೆ ಸಿಕ್ಕಿ ಪೊಲೀಸರವರೆಗೂ ಹೋಯಿತು, ಅದು ಬೇರೆ ಕತೆ. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳನ್ನು ಪ್ರಕಟಿಸಿದಾಗ ಎರಡೂ ಬೆಂಗಳೂರಿನವೇ ಆಗಿದ್ದವು. ಒಂದು ಇವರದು. ಇನ್ನೊಬ್ಬರು 46 ವರ್ಷದ ವೈದ್ಯರು. ಅವರು ಆಚೆ ದೇಶಕ್ಕೆ ಹೋಗಿಯೇ ಇರಲಿಲ್ಲ.

ವಿಮಾನ ಹತ್ತುವಾಗ ನೆಗೆಟಿವ್, ಇಳಿದಾಗ ಪಾಸಿಟಿವ್. ಹಾಗಾದರೆ ಮೊದಲ ಲ್ಯಾಬು ಸುಳ್ಳು ಹೇಳಿತೇ? ಹೇಳಿರಬೇಕೆಂದೇನಿಲ್ಲ. ಎರಡೂ ವರದಿ ಅವುಗಳ ಹೊತ್ತಿಗೆ ನಿಜವೇ ಆಗಿರಬಹುದು. ಸಾಂಕ್ರಾಮಿಕದ ಕಾಲದಲ್ಲಿ ಪ್ರಯಾಣಿಕರ ತಲೆ ಕೆಡಿಸಿದ 72 ಗಂಟೆ, 48 ಗಂಟೆ, 6 ಗಂಟೆಗಳ ನಿಯಮಗಳೆಲ್ಲ ಹುಟ್ಟಿದ್ದು ಈ ಇಕ್ಕಟ್ಟಿನಲ್ಲೇ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳಿಗೆ ಕೊರತೆಯಿಲ್ಲ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ಅಮ್ಮಂದಿರು ಚಟ್ನಿಪುಡಿ, ಅಂಟಿನುಂಡೆ ಕಟ್ಟುವುದರ ನಡುವೆ ಗಂಟೆಯ ಲೆಕ್ಕವನ್ನೂ ಹಾಕಬೇಕಾಗಿ ಬಂತು. ಅಮೆರಿಕ 2021ರ ಜನವರಿ 26ರಿಂದ ಹೊರಡುವ ಮುಂಚಿನ ಮೂರು ದಿನದೊಳಗಿನ ಪರೀಕ್ಷೆ ಕೇಳಿತು, ಅದೇ ವರ್ಷದ ಡಿಸೆಂಬರ್ 6ರಿಂದ ಒಂದೇ ದಿನಕ್ಕೆ ಇಳಿಸಿತು. ಇಲ್ಲಿ ಒಂದು ಸೂಕ್ಷ್ಮವಿತ್ತು. ಅಮೆರಿಕದ್ದು ಕ್ಯಾಲೆಂಡರ್ ದಿನದ ಲೆಕ್ಕ, ಗಂಟೆಯದಲ್ಲ. ಶುಕ್ರವಾರ ರಾತ್ರಿಯ ವಿಮಾನಕ್ಕೆ 24 ಗಂಟೆಯ ನಿಯಮವಾದರೆ ಗುರುವಾರ ರಾತ್ರಿಯ ನಂತರವೇ ಸ್ವಾಬ್ ಕೊಡಬೇಕು. ‘ಒಂದು ದಿನ’ ಎಂದರೆ ಇಡೀ ಗುರುವಾರವೂ ನಡೆಯುತ್ತದೆ. ನಿಯಮ ಬರೆದವರಿಗೆ ಲ್ಯಾಬುಗಳು ಯಾವ ಹೊತ್ತಿಗೆ ಬಾಗಿಲು ತೆಗೆಯುತ್ತವೆ ಎಂಬುದು ಗೊತ್ತಿತ್ತು ಅನಿಸುತ್ತದೆ. ಯುಎಇ ಮಾತ್ರ ಗಂಟೆಗೇ ಅಂಟಿಕೊಂಡಿತು: 48 ಗಂಟೆಯೊಳಗಿನ ಆರ್‌ಟಿ-ಪಿಸಿಆರ್, ಅದರ ಮೇಲೆ ವಿಮಾನ ನಿಲ್ದಾಣದಲ್ಲೇ ಇನ್ನೊಂದು ರ‍್ಯಾಪಿಡ್ ಪಿಸಿಆರ್. ಮೊದಲು ನಾಲ್ಕು ಗಂಟೆ ಮುಂಚೆ ಎಂದರು, ಆಮೇಲೆ ಆರು ಎಂದರು. ಕೆಂಗೇರಿಯಿಂದ ದೇವನಹಳ್ಳಿಯ ದೂರ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದಿಂದ ನೇರ ವಿಮಾನಗಳಿಗೆ ಬಾಗಿಲು ತೆರೆದ ಕೆನಡಾವಂತೂ ದೆಹಲಿ ವಿಮಾನ ನಿಲ್ದಾಣದ ಒಂದೇ ಲ್ಯಾಬಿನ, 18 ಗಂಟೆಯೊಳಗಿನ ವರದಿ ಬೇಕೆಂದಿತು.

ಇಷ್ಟು ಬಗೆ ಯಾಕೆ ಎಂದು ತಿಳಿಯಲು ಮೂಗಿನೊಳಗೆ ಏನಾಗುತ್ತದೆಂದು ನೋಡಬೇಕು.

ಕೊರೊನಾ ವೈರಸ್ಸಿನ ವಂಶವಾಹಿ ಆರ್‌ಎನ್‌ಎ. ಲ್ಯಾಬಿನಲ್ಲಿ ಮೊದಲು ಅದನ್ನು ಸ್ವಾಬಿನಿಂದ ಬೇರ್ಪಡಿಸಿ, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವದಿಂದ ಡಿಎನ್‌ಎ ರೂಪಕ್ಕೆ ತರುತ್ತಾರೆ. ಈ ಕಿಣ್ವವನ್ನು 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಬೇರೆಬೇರೆಯಾಗಿ ಕಂಡುಹಿಡಿದರು. ಅಲ್ಲಿಂದ ಮುಂದಿನದು ಕ್ಯಾರಿ ಮುಲ್ಲಿಸ್‌ಗೆ 1993ರ ನೊಬೆಲ್ ತಂದುಕೊಟ್ಟ ಪಿಸಿಆರ್. ಮಾದರಿಯನ್ನು ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿದರೆ ಸುತ್ತಿಗೊಮ್ಮೆ ಗುರಿಯಿಟ್ಟ ತುಣುಕು ಎರಡುಪಟ್ಟಾಗುತ್ತದೆ. ಹತ್ತು ಸುತ್ತಿಗೆ ಸಾವಿರದಷ್ಟು, ಮೂವತ್ತು ಸುತ್ತಿಗೆ ನೂರು ಕೋಟಿ ದಾಟುತ್ತದೆ. ಹೆಚ್ಚಿದ ತುಣುಕುಗಳ ಹೊಳಪು ಯಂತ್ರಕ್ಕೆ ಕಾಣಿಸಿದ ಸುತ್ತಿನ ಸಂಖ್ಯೆಯೇ ಸಿಟಿ ವ್ಯಾಲ್ಯೂ. ಸಂಖ್ಯೆ ಕಡಿಮೆಯಿದ್ದಷ್ಟೂ ಮೂಗಿನಲ್ಲಿ ವೈರಸ್ ಹೆಚ್ಚು. 25ರಲ್ಲಿ ಹೊಳೆದ ಮಾದರಿಯಲ್ಲಿ 35ರಲ್ಲಿ ಹೊಳೆದದ್ದಕ್ಕಿಂತ ಸುಮಾರು ಸಾವಿರ ಪಟ್ಟು ಸರಕು ಇರುತ್ತದೆ. ಐಸಿಎಂಆರ್ 35ಕ್ಕೆ ಗೆರೆ ಎಳೆದಿತ್ತು. ಆದರೆ ಕೌಂಟರಿನಲ್ಲಿ ಕೂತವರಿಗೆ ಈ ಸಾವಿರ ಪಟ್ಟಿನ ವ್ಯತ್ಯಾಸ ಕಾಣುವುದಿಲ್ಲ. ಎರಡೂ ಪಾಸಿಟಿವ್, ಎರಡಕ್ಕೂ ಬೋರ್ಡಿಂಗ್ ಪಾಸ್ ಇಲ್ಲ.

ಪಿಸಿಆರ್‌ನ ಕಣ್ಣು ಇಷ್ಟು ಚುರುಕಾಗಿದ್ದರೂ ಮೂಗಿಗೆ ಇನ್ನೂ ಬಾರದ ವೈರಸ್ಸನ್ನು ಅದು ಕಾಣಲಾರದು. ಸೋಂಕು ತಗುಲಿದ ಮೇಲೆ ಅದು ಬೆಳೆದು ಸ್ವಾಬಿಗೆ ಸಿಗುವಷ್ಟಾಗಲು ಕೆಲವು ದಿನ ಬೇಕು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಕೊಟ್ಟ ಅಂದಾಜು ಗಾಬರಿ ಹುಟ್ಟಿಸುವಂಥದ್ದು: ಸೋಂಕು ತಗುಲಿದ ಮೊದಲ ದಿನ ಪರೀಕ್ಷೆಗೆ ಯಾರೂ ಸಿಗುವುದಿಲ್ಲ. ನಾಲ್ಕನೆಯ ದಿನವೂ ನೂರರಲ್ಲಿ 67 ಮಂದಿ ತಪ್ಪಿಸಿಕೊಳ್ಳುತ್ತಾರೆ. ಲಕ್ಷಣ ಕಾಣುವ ಐದನೆಯ ದಿನದ ಹೊತ್ತಿಗೆ 38, ಎಂಟನೆಯ ದಿನ 20. ಭಾನುವಾರ ಬೀಳ್ಕೊಡುಗೆ ಊಟದಲ್ಲಿ ಸೋಂಕು ಅಂಟಿಸಿಕೊಂಡು ಸೋಮವಾರ ಸ್ವಾಬ್ ಕೊಟ್ಟು ಬುಧವಾರ ವಿಮಾನ ಹತ್ತಿದವರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾರೆ. ಅವರ ಕೈಯ ವರದಿ ನಿಜ, ಅವರು ಪಕ್ಕದವರಿಗೆ ಸೋಂಕು ಅಂಟಿಸಬಹುದು ಎನ್ನುವುದೂ ನಿಜ. ಪರೀಕ್ಷೆಗೂ ಪ್ರಯಾಣಕ್ಕೂ ನಡುವಿನ ಹೊತ್ತು ಕುಗ್ಗಿದಷ್ಟೂ ಈ ಕಂಡಿ ಕಿರಿದಾಗುತ್ತದೆ. ಆದರೆ ಗಂಟೆ ಕುಗ್ಗಿಸಿದರೆ ಲ್ಯಾಬಿಗೆ ಸಮಯ ಸಾಲದು. ವರದಿಗೆ ಒಂದು ದಿನ ಹಿಡಿಯುವ ಊರಿನಲ್ಲಿ 24 ಗಂಟೆಯ ನಿಯಮ ಕಾಗದದ ಮೇಲಷ್ಟೇ ನಿಲ್ಲುತ್ತದೆ. 72 ಎನ್ನುವುದು ವೈರಸ್ಸಿನ ಜೀವಶಾಸ್ತ್ರ ಹೇಳಿದ ಸಂಖ್ಯೆಯಲ್ಲ, ಲ್ಯಾಬಿನ ವೇಗದೊಂದಿಗೆ ಸರ್ಕಾರಗಳು ಮಾಡಿಕೊಂಡ ರಾಜಿ.

2021ರ ಡಿಸೆಂಬರ್ 1ರಿಂದ ಭಾರತ ‘ಅಪಾಯದ ಪಟ್ಟಿ’ಯ ದೇಶಗಳಿಂದ ಬಂದವರಿಗೆ ಇಳಿದ ಕೂಡಲೇ ಪರೀಕ್ಷೆ, ಏಳು ದಿನ ಮನೆಯಲ್ಲೇ ಕ್ವಾರಂಟೈನ್, ಎಂಟನೆಯ ದಿನ ಮತ್ತೆ ಪರೀಕ್ಷೆ ಎಂದದ್ದು ಈ ದೃಷ್ಟಿಯಿಂದ ಹೆಚ್ಚು ಬುದ್ಧಿವಂತಿಕೆಯದು. ಮೊದಲ ಪರೀಕ್ಷೆಯಲ್ಲಿ ನುಸುಳಿದ್ದನ್ನು ಎಂಟನೆಯ ದಿನ ಹಿಡಿಯಬಹುದು. ಪ್ರಯಾಣಿಕರು ಶಪಿಸಿದ್ದೂ ಇದನ್ನೇ ಹೆಚ್ಚು.

ಸಮಸ್ಯೆಗೆ ಇನ್ನೊಂದು ತುದಿಯೂ ಇದೆ. ಮದುವೆ ಮುಗಿದು ನೆಂಟರೆಲ್ಲ ಊರು ಸೇರಿದ ಮೇಲೂ ಛತ್ರದ ಹಿತ್ತಿಲಲ್ಲಿ ಎಂಜಲೆಲೆ ಬಿದ್ದಿರುವಂತೆ, ಕೋವಿಡ್ ವಾಸಿಯಾದ ಮೇಲೂ ವೈರಸ್ಸಿನ ಆರ್‌ಎನ್‌ಎ ಚೂರುಗಳು ವಾರಗಟ್ಟಲೆ ಮೂಗಿನಲ್ಲಿ ಉಳಿಯುತ್ತವೆ. ಜೀವಂತ ವೈರಸ್ ಸಾಮಾನ್ಯವಾಗಿ ಹತ್ತು ದಿನದಾಚೆ ಸಿಗುವುದಿಲ್ಲ. ಪಿಸಿಆರ್‌ಗೆ ಜೀವ ಇದೆಯೋ ಇಲ್ಲವೋ ತಿಳಿಯದು, ಚೂರು ಸಿಕ್ಕಿದರೆ ಸಾಕು. ಎರಡನೆಯ ಅಲೆಯಲ್ಲಿ ಕಾಯಿಲೆ ಬಿದ್ದು ಎದ್ದವರು, ಜ್ವರ ಬಿಟ್ಟು ತಿಂಗಳಾದರೂ ಪಾಸಿಟಿವ್ ಬಂದು ಟಿಕೆಟ್ ಮುಂದೂಡಿದ್ದು ಇದರಿಂದಲೇ. ಅಮೆರಿಕ ಇದಕ್ಕೊಂದು ದಾರಿ ಮಾಡಿತ್ತು: 90 ದಿನದೊಳಗೆ ಸೋಂಕಾಗಿ ಗುಣವಾದದ್ದಕ್ಕೆ ಹಳೆಯ ಪಾಸಿಟಿವ್ ವರದಿ ಮತ್ತು ವೈದ್ಯರ ಪತ್ರ ತೋರಿಸಿದರೆ ಹೊಸ ಪರೀಕ್ಷೆ ಬೇಡ. ಈ ಸವಲತ್ತು ಇದೆಯೆಂದೇ ತಿಳಿಯದೆ ವಾರಕ್ಕೊಮ್ಮೆ ಮೂಗು ಚುಚ್ಚಿಸಿಕೊಂಡವರಿದ್ದರು.

ವೈರಸ್ಸಿಗೆ ಸಂಬಂಧವೇ ಇಲ್ಲದ ತೊಡಕು ನಮ್ಮ ಇನಿಷಿಯಲ್‌ಗಳದು. ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡಕ್ಷರ, ಪಾಸ್‌ಪೋರ್ಟಿನಲ್ಲಿ ಅವು ಊರು ಮತ್ತು ಅಪ್ಪನ ಹೆಸರಾಗಿ ಹಿಗ್ಗಿರುತ್ತವೆ. ಲಸಿಕೆ ಪತ್ರ ಆಧಾರ್‌ನಂತೆ, ಟಿಕೆಟ್ ಪಾಸ್‌ಪೋರ್ಟಿನಂತೆ. ಲಸಿಕೆಯ ಕೋವಿನ್ ತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸುವ ಅವಕಾಶ ಬಂದ ಮೇಲೆ ಈ ಗೋಳು ಅರ್ಧ ಇಳಿಯಿತು. ಬ್ರಿಟನ್ನಿನದು ಬೇರೆಯೇ ತಕರಾರು. ಆಕ್ಸ್‌ಫರ್ಡಿನ ಲಸಿಕೆಯೇ ಆದ ಕೋವಿಶೀಲ್ಡನ್ನು ಮೊದಲು ಒಪ್ಪಲಿಲ್ಲ, 2021ರ ಸೆಪ್ಟೆಂಬರಿನಲ್ಲಿ ಲಸಿಕೆಯನ್ನು ಒಪ್ಪಿ ಪ್ರಮಾಣಪತ್ರವನ್ನು ಒಪ್ಪಲಿಲ್ಲ. ಅಕ್ಟೋಬರ್ 4ರಿಂದ ಭಾರತವೂ ಬ್ರಿಟನ್ನಿನವರಿಗೆ ಹತ್ತು ದಿನದ ಕ್ವಾರಂಟೈನ್ ಹಾಕಿತು. ಒಂದೇ ವಾರದಲ್ಲಿ ಬ್ರಿಟನ್ನಿನ ನಿಯಮ ಸಡಿಲವಾಯಿತು. ಇದರಲ್ಲಿ ವಿಜ್ಞಾನ ಎಷ್ಟಿತ್ತು ಎಂದು ಓದುಗರೇ ಊಹಿಸಬಹುದು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಗಾಗಿ ನವೆಂಬರ್ 3ರವರೆಗೆ ಕಾದರು.

ಪ್ರಯಾಣಿಕರಿಗೆ ಪರೀಕ್ಷೆ ಕಡ್ಡಾಯವಾಗುವ ಮುಂಚಿನ ಕಾಲವನ್ನೂ ನೆನೆಯಬೇಕು. 2020ರ ಮಾರ್ಚಿನಲ್ಲಿ ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರು, ದೇಶದ ಮೊದಲ ಕೋವಿಡ್ ಸಾವು, ಸೌದಿ ಅರೇಬಿಯಾದಿಂದ ಹೈದರಾಬಾದಿಗೆ ಇಳಿದಾಗ ತಪಾಸಣೆಯಲ್ಲಿ ಏನೂ ಕಂಡಿರಲಿಲ್ಲ. ಹಣೆಗೆ ಹಿಡಿಯುವ ಥರ್ಮಲ್ ಯಂತ್ರಕ್ಕೆ ಜ್ವರ ಮಾತ್ರ ಗೊತ್ತು. ಆ ವರ್ಷದ ಆರಂಭದಲ್ಲೇ ಬಂದ ಒಂದು ಲೆಕ್ಕಾಚಾರ, ಇಂಥ ತಪಾಸಣೆಯಲ್ಲಿ ಸೋಂಕಿತರ ಪೈಕಿ ನೂರಕ್ಕೆ 46 ಮಂದಿ ನುಸುಳುತ್ತಾರೆ ಎಂದಿತ್ತು. ಆಗ ಕರ್ನಾಟಕ ಹೊರದೇಶದಿಂದ ಬಂದವರ ಕೈಗೆ ಮನೆ ಕ್ವಾರಂಟೈನಿನ ಮುದ್ರೆ ಒತ್ತಿತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಇದಕ್ಕೆ ಬಳಸಲು ಚುನಾವಣಾ ಆಯೋಗವೂ ಒಪ್ಪಿತು. ಆ ಶಾಯಿ ತಯಾರಾಗುವುದು 1937ರಲ್ಲಿ ಶುರುವಾದ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲ್ಪದರಕ್ಕೆ ಹಿಡಿದು, ಬೆಳಕಿಗೆ ಕಪ್ಪಾಗಿ, ಆ ಪದರ ಉದುರುವವರೆಗೆ ಹೋಗುವುದಿಲ್ಲ. ಬಾಗಿಲಿಗೆ ಅಂಟಿಸಿದ ನೋಟಿಸಿಗಿಂತ ಈ ಮುದ್ರೆಗೇ ಹೆಚ್ಚು ಬೆಲೆಯಿತ್ತು ಎಂದು ನನ್ನ ಎಣಿಕೆ, ಅವಮಾನದ ಮಾತು ಬೇರೆ.

ಹಾಗಾದರೆ ಇಷ್ಟೆಲ್ಲ ಮಾಡಿ ಏನು ಸಿಕ್ಕಿತು? ಮೊದಲ ಪ್ಯಾರಾದ ವೈದ್ಯರನ್ನು ನೆನಪಿಸಿಕೊಳ್ಳಿ. ದಕ್ಷಿಣ ಆಫ್ರಿಕಾ ಹೊಸ ತಳಿಯ ಸುದ್ದಿಯನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿದ್ದು ನವೆಂಬರ್ 24ರಂದು, ಅದಕ್ಕೆ ಒಮೈಕ್ರಾನ್ ಎಂದು ಹೆಸರಿಟ್ಟದ್ದು 26ರಂದು. ವೈದ್ಯರಿಗೆ ಜ್ವರ ಬಂದದ್ದು 21ಕ್ಕೇ. ಹೆಸರಿಡುವ ಮುಂಚೆಯೇ ತಳಿ ನಮ್ಮ ಊರಿನಲ್ಲಿ ಓಡಾಡುತ್ತಿತ್ತು. ಗಡಿಯ ಪರೀಕ್ಷೆ ಸೋಂಕನ್ನು ತಡೆಯಲಿಲ್ಲ, ಆದರೆ ಬಂದಿದೆ ಎಂದು ಗುರುತಿಸಲು ಮಾದರಿ ಒದಗಿಸಿತು. 2020ರ ಡಿಸೆಂಬರಿನಲ್ಲಿ ಬ್ರಿಟನ್ ತಳಿಯ ಮೊದಲ ಆರು ಪ್ರಕರಣಗಳಲ್ಲಿ ಮೂರನ್ನು ನಿಮ್ಹಾನ್ಸ್ ಗುರುತಿಸಿದ್ದೂ ಹೀಗೆ ಬಂದಿಳಿದವರ ಸ್ವಾಬಿನಿಂದ. ಪ್ರತಿಯೊಬ್ಬರನ್ನೂ ಸೋಸುವುದಕ್ಕಿಂತ ನೂರರಲ್ಲಿ ಇಬ್ಬರನ್ನು ಆರಿಸಿ ಜೀನೋಮ್ ಓದುವುದೇ ಮೇಲು ಎಂಬಲ್ಲಿಗೆ 2022ರ ಡಿಸೆಂಬರಿನ ಹೊತ್ತಿಗೆ ಭಾರತವೂ ಬಂತು. ಹೊರದೇಶದಿಂದ ಬರುವವರಿಗೆ ಏರ್ ಸುವಿಧಾ ಫಾರಂ ತುಂಬುವ ಕಾಟ ಅಷ್ಟರಲ್ಲಿ ತೊಲಗಿತ್ತು, ಚೀನಾ ಮೊದಲಾದ ಆರು ಕಡೆಗಳಿಂದ ಬರುವವರಿಗೆ ಮಾತ್ರ ಕೆಲವು ವಾರ ಮತ್ತೆ ತಲೆಯೆತ್ತಿತು.

ಮೂಗನ್ನೇ ಮುಟ್ಟದ ದಾರಿಯೂ ಇದೆ. ಅಮೆರಿಕದ ಸಿಡಿಸಿ 2022ರಲ್ಲಿ ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣದಲ್ಲಿ ವಿಮಾನಗಳ ಶೌಚದ ನೀರನ್ನು ಪರೀಕ್ಷಿಸಿ ನೋಡಿತು. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ವಿಜ್ಞಾನಿಗಳು ಅದೇ ವರ್ಷ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತಂದು ತಳಿಗಳ ಏರಿಳಿತವನ್ನು ಓದಿದರು. ರಾಜಾಜಿನಗರದ, ವಿಜಯನಗರದ ಮನೆಗಳ ನೀರು ವೃಷಭಾವತಿ ಕಣಿವೆಗೆ ಇಳಿಯುತ್ತದೆ. ಅದರಲ್ಲಿ ಯಾರ ಹೆಸರೂ ಇನಿಷಿಯಲ್ಲೂ ಇರುವುದಿಲ್ಲ. ಯಾರಿಗೆ ಸೋಂಕು ಎಂದು ಅದು ಹೇಳಲಾರದು, ಬಡಾವಣೆಗೆ ಏನು ಬಂದಿದೆ ಎಂದು ಹೇಳುತ್ತದೆ.

ಕೋವಿಡ್ ಕಾಗದಗಳೆಲ್ಲ ರದ್ದಾದರೂ ಇನ್ನೊಂದು ಕಾಗದ ಈಗಲೂ ಬೇಕು. ಹಳದಿ ಜ್ವರದ ಲಸಿಕೆಯ ಕಾರ್ಡ್. ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾಕ್ಕೆ ಹೋಗುವ ನಮ್ಮ ಹಕ್ಕಿಪಿಕ್ಕಿ ಜನರಿಗೂ, ಅಲ್ಲಿ ಕೆಲಸ ಹಿಡಿದ ಎಂಜಿನಿಯರುಗಳಿಗೂ ಇದು ಒಂದೇ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ, ಡೆಂಗಿ ಹರಡುವ ಅದೇ ಸೊಳ್ಳೆ, ಮನೆಮನೆಯ ಹೂಕುಂಡದಲ್ಲಿದೆ. ಒಬ್ಬ ಸೋಂಕಿತ ಬಂದಿಳಿದರೆ ಸಾಕು ಎಂಬ ಭಯ ಹುಸಿಯಲ್ಲ. ಕೋವಿಡ್ ವರದಿ ಆ ಹೊತ್ತಿನ ಮೂಗಿನ ಸ್ಥಿತಿ ಹೇಳುತ್ತಿತ್ತು, ಗಂಟೆಗಳಲ್ಲಿ ಹಳಸುತ್ತಿತ್ತು. ಈ ಕಾರ್ಡ್ ದೇಹದ ರೋಗನಿರೋಧಕ ನೆನಪಿನ ಬಗ್ಗೆ ಮಾತಾಡುತ್ತದೆ. ಒಂದೇ ಚುಚ್ಚುಮದ್ದು ಜೀವನಪೂರ್ತಿ ಸಾಕೆಂದು 2016ರ ಜುಲೈಯಿಂದ ಅಂತರರಾಷ್ಟ್ರೀಯ ನಿಯಮವೇ ಒಪ್ಪಿದೆ. ಆದರೆ ಆ ನೆನಪು ಮೂಡಲು ಹತ್ತು ದಿನ ಬೇಕು, ಕಾರ್ಡ್ ಚಾಲ್ತಿಗೆ ಬರುವುದೂ ಹತ್ತನೆಯ ದಿನದಿಂದ. ಹೊರಡುವ ಹಿಂದಿನ ದಿನ ಚುಚ್ಚಿಸಿಕೊಂಡು, ವಾರದೊಳಗೆ ಹಳದಿ ಜ್ವರವಿರುವ ದೇಶದಿಂದ ವಾಪಸಾದವರನ್ನು ಆರು ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಿಸಲು ಅಧಿಕಾರಿಗಳಿಗೆ ಹಕ್ಕಿದೆ.