ಕಲ್ಲಿನ ಮೇಲೆ ಯಾರ ಹೆಸರು?

ಬ್ರಿಟಿಷರು ನಿಲ್ಲಿಸಿ ಹೋದ ಸ್ಮಾರಕಗಳನ್ನು ಏನು ಮಾಡಬೇಕು ಅನ್ನೋ ಜಗಳ ಬೆಂಗಳೂರಿಗೆ ಹೊಸದಲ್ಲ. ಗುಲಾಮಗಿರಿಯ ಗುರುತು, ಕಿತ್ತು ಹಾಕಿ ಅಂತ ಕೆಲವರು. ಊರಿನ ಆಸ್ತಿ, ಮುಟ್ಟಬೇಡಿ ಅಂತ ಇನ್ನು ಕೆಲವರು. ಆ ಕಲ್ಲಿನಲ್ಲಿ ಯಾರ ನೆನಪಿದೆ, ಯಾರದ್ದಿಲ್ಲ ಅಂತ ಇಬ್ಬರೂ ಕೇಳುವುದಿಲ್ಲ. ದಲಿತರು ಕೇಳಬೇಕಾದ್ದು ಅದನ್ನೇ.

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದೇ 1948ರಲ್ಲಿ. ಅಲ್ಲಿರುವುದು ಅಶೋಕ ಪಿಲ್ಲರ್. ದೊರೆಗಳ ಕಲ್ಲು ಅಲ್ಲಿಲ್ಲ. ಅಲ್ಲಿಂದ, ಬನಶಂಕರಿಯಿಂದ ಬಸ್ಸು ಹತ್ತಿ ಕಾರ್ಪೊರೇಷನ್ ಹತ್ತಿರ ಇಳಿಯುವ ಹುಡುಗರಿಗೆ ಹಡ್ಸನ್ ಸರ್ಕಲ್ಲಿನ ಸೆನೊಟಾಫ್ ಗೊತ್ತಿರಲಿಕ್ಕಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ದಂಡು ಟಿಪ್ಪುವಿನಿಂದ ಬೆಂಗಳೂರನ್ನು ಕಿತ್ತುಕೊಂಡಾಗ ಸತ್ತ ಬ್ರಿಟಿಷ್ ಕಡೆಯವರ ನೆನಪಿನ ಕಂಬ ಅದು. 1964ರಲ್ಲಿ ಕನ್ನಡ ಚಳವಳಿಯ ಒತ್ತಾಯಕ್ಕೆ ಅದನ್ನು ಕೆಡವಿದರು. ಸೆನೊಟಾಫ್ ರಸ್ತೆ ನೃಪತುಂಗ ರಸ್ತೆಯಾಯಿತು. ಆಗಲಿ, ತಪ್ಪೇನಿಲ್ಲ. ಆದರೆ ಅದೇ ದಂಡಿಗೆ ತೋಪು ಎಳೆದ, ಕಂದಕ ತೋಡಿದ, ಹುಲ್ಲು ಹೊತ್ತ ಜನ ಯಾರು? ಕಟ್ಟಿದವರೂ ಕೆಡವಿದವರೂ ಅವರನ್ನು ವಿಚಾರಿಸಲಿಲ್ಲ.

ಕಂಟೋನ್ಮೆಂಟ್ ಕಡೆ, ಬ್ರಿಗೇಡ್ ರಸ್ತೆಗೆ ರೆಸಿಡೆನ್ಸಿ ರಸ್ತೆ ಕೂಡುವಲ್ಲಿ, ಇನ್ನೊಂದು ಕಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಸತ್ತ 61ನೇ ಪಯೊನಿಯರ್ಸ್ ಪಡೆಯವರದ್ದು. ಪಯೊನಿಯರ್ ಅಂದರೆ ಬಂದೂಕದ ಜೊತೆ ಗುದ್ದಲಿಯನ್ನೂ ಹಿಡಿದ ಸಿಪಾಯಿ. ರಸ್ತೆ ಹಾಕಬೇಕು, ಕಂದಕ ತೋಡಬೇಕು, ಗುಂಡೂ ಹಾರಿಸಬೇಕು. 1914ರಲ್ಲಿ ಈ ಪಡೆ ಪೂರ್ವ ಆಫ್ರಿಕದ ಟಾಂಗಾದಲ್ಲಿ ಜರ್ಮನರ ಎದುರು ನಿಂತಿತ್ತು. ಹಲಸೂರು ಕೆರೆ ಪಕ್ಕದಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್‌ನಲ್ಲೂ ಇಂಥದೇ ಕೆಲಸ. ಅದರಲ್ಲಿ ಪರೈಯರು ದೊಡ್ಡ ಸಂಖ್ಯೆಯಲ್ಲಿದ್ದರು. ಊರಿನ ಬಾವಿ ಮುಟ್ಟಬಾರದವನು ದಂಡಿನಲ್ಲಿ ಸಂಬಳ, ಸಮವಸ್ತ್ರ, ಪಿಂಚಣಿ ಕಂಡ. ಇದು ಸಣ್ಣ ಮಾತಲ್ಲ.

ಹಾಗಂತ ದೊರೆಗೆ ಹಾರ ಹಾಕಬೇಕಾಗಿಲ್ಲ. 'ಯೋಧ ಜನಾಂಗ' ಅನ್ನೋ ಸಿದ್ಧಾಂತ ತಂದು 1890ರ ದಶಕದಲ್ಲಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದವರೂ ಅವರೇ. ಯುದ್ಧಕ್ಕೆ ಆಳು ಸಾಲದೆ 1917ರಲ್ಲಿ 111ನೇ ಮಹಾರ್ಸ್ ಪಡೆ ಕಟ್ಟಿದರು, 1921ರಲ್ಲಿ ವಿಸರ್ಜಿಸಿದರು. ಪಯೊನಿಯರ್ ಪಡೆಗಳನ್ನೂ 1930ರ ದಶಕದ ಮೊದಲಲ್ಲೇ ಮುಗಿಸಿದರು. ಕೆಲಸ ಆದ ಮೇಲೆ ಕೂಲಿಯವನನ್ನು ಕಳಿಸಿದ ಹಾಗೆ.

ಸುಬೇದಾರ್ ರಾಮ್‌ಜಿ ಸಕ್ಪಾಲರ ಮಗ ಅಂಬೇಡ್ಕರ್ ಇದನ್ನು ಬಲ್ಲವರು. 1818ರ ಕಾಳಗದ ನೆನಪಿಗೆ ಕಂಪನಿ ನಿಲ್ಲಿಸಿದ ಕೋರೆಗಾಂವ್ ಸ್ತಂಭದಲ್ಲಿ ಸತ್ತವರ 49 ಹೆಸರುಗಳಿವೆ. ಅದರಲ್ಲಿ 22 ಮಹಾರರವು. 1927ರ ಜನವರಿ 1ರಂದು ಅವರು ಅಲ್ಲಿಗೆ ಹೋದರು. ಅದೇ ಮಾರ್ಚಿನಲ್ಲಿ ಮಹಾಡದ ಕೆರೆ ನೀರು ಮುಟ್ಟಿದರು. ಮುಂದೆ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ, ಬಾವಿ, ಗುಡಿ, ಪೊಲೀಸು, ಸೈನ್ಯ ನೀವು ಬಂದ ಮೇಲಾದರೂ ನಮಗೆ ತೆರೆದವೇ ಅಂತ ದೊರೆಗಳನ್ನೇ ಕೇಳಿದರು. ವಿಜಯಸ್ತಂಭ ಅಂತ ನಿಲ್ಲಿಸಿದ ಕಲ್ಲು ಅವರ ಕೈಗೆ ಬಂದಾಗ ಸಾಕ್ಷಿಯಾಯಿತು. ಕಂಪನಿ ಗೆದ್ದದ್ದಕ್ಕಲ್ಲ, ನಮ್ಮವರಿಗೆ ಕೈಯಿತ್ತು, ಹೆಸರಿತ್ತು ಅನ್ನೋದಕ್ಕೆ.

ಬ್ರಿಗೇಡ್ ರಸ್ತೆಯ ಕಲ್ಲಿನ ಮುಂದೆ ಅಂಥ ಓದು ಇನ್ನೂ ನಡೆಯಬೇಕಿದೆ. ಮೆರವಣಿಗೆಯೇ ಬೇಕೆಂದಿಲ್ಲ. ವಿದ್ಯಾರ್ಥಿಗಳು ನೋಟ್‌ಬುಕ್ ಹಿಡಿದು ಹೋಗಿ ಅದರಲ್ಲಿ ಕೆತ್ತಿದ್ದನ್ನು ಅಕ್ಷರ ಬಿಡದೆ ಬರೆದುಕೊಳ್ಳಲಿ. ಪಡೆಯ ಹಾಜರಿ ದಾಖಲೆ ಹುಡುಕಲಿ. ಹಲಸೂರಿನ ಕಡೆ ತಾತ ಸಿಪಾಯಿಯಾಗಿದ್ದ ಅನ್ನೋ ಮನೆಗಳಲ್ಲಿ ಕೂತು, ಅವನು ಯಾವ ಊರಿಂದ ಬಂದ, ಯಾವ ಕೇರಿಯವನು ಅಂತ ಕೇಳಲಿ.